ಹೊಳೆ ನಡುವೆ ಊದಿದ ವಿಷಲ್

ಇದನ್ನು ಹೇಳಬೇಕು ಅಂದುಕೊಂಡು ಎಷ್ಟೋ ವರ್ಷ ಮುಂದೂಡಿದ್ದೇನೆ. ಮೊದಲು ಕಾಫಿ ಕುಯ್ಲು ಮುಗಿಯಲಿ ಅಂದೆ, ಮುಗಿಯಿತು. ಕೆಲಸ ಬಿಟ್ಟ ಮೇಲೆ ಪುರುಸೊತ್ತಾಗಿ ಬರೆಯೋಣ ಅಂದೆ, ಕೆಲಸವನ್ನೂ ಬಿಟ್ಟೆ. ಆಮೇಲೆ ಕಣ್ಣಿನ ಪೊರೆ ಅಡ್ಡ ಬಂತು. ಎರಡೂ ಕಣ್ಣಿನದು ತೆಗೆಸಿದ್ದಾಯಿತು, ಈಗ ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ ಎಷ್ಟು ಗಂಟೆಗೆ ಅನ್ನುವುದೂ ಇಲ್ಲಿಂದಲೇ ಕಾಣುತ್ತದೆ. ಇನ್ನು ನೆಪ ಉಳಿದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಧೈರ್ಯ ಬಂದುಬಿಟ್ಟಿದೆ ಅಂತ ಯಾರೂ ತಿಳಿಯಬಾರದು.

ಸಕಲೇಶಪುರದ ಹತ್ತಿರ, ದೋಣಿಗಲ್ಲಿನಿಂದ ಒಳಗೆ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಇಪ್ಪತ್ತೆಂಟು ವರ್ಷ ರೈಟರಾಗಿದ್ದೆ. ರೈಟರು ಅಂದರೆ ಏನೋ ದೊಡ್ಡದಾಗಿ ಬರೆಯುವವನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯಬೇಕು, ಯಾರು ತೋಟದ ಯಾವ ತುಂಡಿಗೆ ಹೋಗಬೇಕು ಅಂತ ಹಂಚಬೇಕು, ಆಮೇಲೆ ಕೊಡೆ ಊರಿಕೊಂಡು ಸಿಲ್ವರ್ ಮರದ ನೆರಳಲ್ಲಿ ನಿಂತು ಅವರು ಗೇಯುವುದನ್ನು ನೋಡಬೇಕು. ಕಷ್ಟದ ಕೆಲಸ. ಬೇರೆಯವರ ಬೆನ್ನು ಬಗ್ಗಿದ್ದನ್ನು ನೋಡಿ ನೋಡಿ ನನ್ನ ಸೊಂಟ ನೋಯುತ್ತಿತ್ತು. ಎಸ್ಸೆಸ್ಸೆಲ್ಸಿಯನ್ನು ಒಂದೇ ಏಟಿಗೆ ಪಾಸು ಮಾಡಿದ ಮನುಷ್ಯ ಕೈಯಲ್ಲಿ ಕತ್ತಿ ಹಿಡಿಯುವುದು ಶೋಭೆಯಲ್ಲ ಅನ್ನುವುದು ನನ್ನ ಅಭಿಪ್ರಾಯವಾಗಿತ್ತು. ಈ ಅಭಿಪ್ರಾಯ ಇಟ್ಟುಕೊಂಡವನು ಇಡೀ ಎಸ್ಟೇಟಿನಲ್ಲಿ ನಾನೊಬ್ಬನೇ.

ಈ ಕೆಲಸದ ಜೊತೆಗೆ ನನಗೆ ಒಂದು ಹಿತ್ತಾಳೆಯ ವಿಷಲ್ ಸಿಕ್ಕಿತ್ತು. ಕಪ್ಪು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೆ. ಎಂಟಕ್ಕೆ ಊದಿದರೆ ಕೆಲಸ ಶುರು. ಹತ್ತಕ್ಕೆ ಕಾಫಿ, ಒಂದಕ್ಕೆ ಊಟ, ನಾಲ್ಕೂವರೆಗೆ ಮನೆಗೆ. ಗೇಯುತ್ತಿರುವವರ ಕಿವಿಗೆ ವಿಷಲ್ ಬಿತ್ತು ಅಂದರೆ ಅರ್ಥ ಒಂದೇ, ಕೈಯಲ್ಲಿರುವುದನ್ನು ಕೆಳಗಿಡು. ಎತ್ತಿದ ಗುದ್ದಲಿ ನೆಲಕ್ಕೆ ಬೀಳದೆ ಹಾಗೇ ಇಳಿಯುತ್ತಿತ್ತು. ಆಳುಗಳ ಲೈನ್ ಮನೆಗಳ ಪಕ್ಕದಲ್ಲೇ ನಮ್ಮ ಮನೆಯೂ ಇದ್ದದ್ದರಿಂದ ಅಲ್ಲೂ ಇದೇ ಕಾನೂನು. ಒಂದರ ವಿಷಲ್ಲಿಗೆ ನನ್ನ ಹೆಂಡತಿ ಒಗೆಯುತ್ತಿದ್ದ ಬಟ್ಟೆಯನ್ನು ಕಲ್ಲಿನ ಮೇಲೇ ಬಿಟ್ಟು ಬಂದು ತಟ್ಟೆ ಹಾಕುತ್ತಿದ್ದಳು. ಮಗಳು ಬರೆಯುತ್ತಿದ್ದ ಅಕ್ಷರವನ್ನು ಅರ್ಧಕ್ಕೆ ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕುತ್ತಿದ್ದಳು. ಇದನ್ನು ನಾನು ಗೌರವ ಅಂದುಕೊಂಡಿದ್ದೆ. ಅಭ್ಯಾಸಕ್ಕೂ ಗೌರವಕ್ಕೂ ಇರುವ ವ್ಯತ್ಯಾಸ ಎಸ್ಸೆಸ್ಸೆಲ್ಸಿಯಲ್ಲಿ ಪಾಠಕ್ಕಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಹೆಂಡತಿಯ ತಮ್ಮ, ಅಂದರೆ ನನ್ನ ಬಾಮೈದ, ದಾಂಡೇಲಿ ಕಡೆ ಮೂರು ವರ್ಷ ಹೊಳೆಯಲ್ಲಿ ಜನರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿಕೊಂಡು ಹೋಗುವ ಕೆಲಸ ಮಾಡಿ ವಾಪಸ್ಸು ಬಂದಿದ್ದ. ಬರುವಾಗ ಹಳೆಯದೊಂದು ನೀಲಿ ದೋಣಿ ತಂದಿದ್ದ. ಗಾಳಿ ಬಿಟ್ಟರೆ ಹಾಸಿಗೆಯ ಹಾಗೆ ಸುತ್ತಿಡಬಹುದು, ತುಂಬಿಸಿದರೆ ಎಮ್ಮೆಯಷ್ಟಾಗುತ್ತದೆ. ಇದಕ್ಕೆ ರಾಫ್ಟಿಂಗ್ ಅನ್ನುತ್ತಾರೆ, ಪಟ್ಟಣದ ಜನ ಮೇಲೆ ಬಿದ್ದು ಬರುತ್ತಾರೆ ಅಂದ. ನೀರಿಗೆ ಬೀಳುವುದಕ್ಕೆ ಪಟ್ಟಣದಿಂದ ಬರುತ್ತಾರಾ, ನಮ್ಮ ಆಳುಗಳು ಸೇತುವೆ ದಾಟುವಾಗ ಪುಕ್ಕಟೆ ಬೀಳುತ್ತಾರಲ್ಲ ಅಂತ ನಾನು ನಕ್ಕೆ. ಅವನೂ ನಕ್ಕ. ಅವನು ಹಾಗೇ, ನಾನು ಏನಂದರೂ ನಗುತ್ತಿದ್ದ.

ಅವನಿಗೆ ಬೇಕಾಗಿದ್ದದ್ದು ಒಂದೇ ಜಾಗ. ನಮ್ಮ ಎಸ್ಟೇಟಿನ ಕೆಳಗೆ, ಸ್ಪ್ರಿಂಕ್ಲರಿಗೆ ನೀರೆತ್ತುವ ಪಂಪ್‌ಹೌಸಿನ ಹತ್ತಿರ, ಹೊಳೆ ದಡಕ್ಕೆ ಜೀಪು ಇಳಿಯುವ ದಾರಿ ಇತ್ತು. ಹತ್ತು ಮೈಲಿ ಸುತ್ತಿದರೂ ದೋಣಿ ಇಳಿಸುವುದಕ್ಕೆ ಅಂಥ ಜಾಗ ಇನ್ನೊಂದಿಲ್ಲ. ಅಲ್ಲೊಂದು ಶೆಡ್ ಹಾಕಿಕೊಳ್ಳುವುದಕ್ಕೆ ಎಸ್ಟೇಟಿನ ಸಾಹುಕಾರರ ಒಪ್ಪಿಗೆ ಸಿಕ್ಕರೆ ಅವನು ಇಲ್ಲೇ ನಿಲ್ಲುತ್ತಿದ್ದ, ಸಿಗದಿದ್ದರೆ ಎಲ್ಲಿಗೋ. ನನ್ನ ಹೆಂಡತಿಗೆ ಇರುವವನು ಅವನೊಬ್ಬನೇ ತಮ್ಮ. ತಂದೆ ತೀರಿಕೊಂಡ ಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದವಳು. ಅವನು ಊರಿಗೆ ಬಂದ ವಾರದಿಂದ ಅವಳ ಮುಖ ಬೇರೆಯಾಗಿತ್ತು. ದೇವರ ಮುಂದೆ ದೀಪ ಹಚ್ಚುವಾಗಲೂ ಪಂಪ್‌ಹೌಸಿನ ಕಡೆಗೇ ತಿರುಗಿ ನಿಲ್ಲುತ್ತಿದ್ದಳೇನೋ ಅಂತ ನನಗೆ ಅನುಮಾನ.

ಸಾಹುಕಾರರು ಬೇಡ ಅನ್ನಲಿಲ್ಲ. ಒಂದು ಸಲ ನಿಮ್ಮ ಮನೆಯವರೇ ಕೂತು ಹೋಗಿಬನ್ನಿ, ರೈಟರು ಸರಿ ಅಂದರೆ ನನ್ನದೇನೂ ಅಡ್ಡಿಯಿಲ್ಲ ಅಂದರು. ನೋಡಿ, ಒಬ್ಬ ಮನುಷ್ಯನ ಬದುಕು ನಿಲ್ಲುವುದೋ ಹೋಗುವುದೋ ಅನ್ನುವುದನ್ನು ನನ್ನ ಬಾಯಿಗೆ ಬಿಟ್ಟುಬಿಟ್ಟರು. ಆವತ್ತು ಸಂಜೆ ನಾನು ಮನೆಗೆ ಹೋಗುವಾಗ ನನ್ನ ನಡಿಗೆಯೇ ಬೇರೆ ಇತ್ತು.

ಮೇ ತಿಂಗಳ ಕೊನೆ. ಆ ವರ್ಷ ಮುಂಗಾರಿಗೆ ಮುಂಚೆಯೇ ನಾಲ್ಕಾರು ಒಳ್ಳೆಯ ಮಳೆಯಾಗಿ ಹೊಳೆ ಕೆಂಪಗೆ ತುಂಬಿಕೊಂಡಿತ್ತು. ಬಿಸಿಲೂ ಜೋರಾಗಿತ್ತು. ಹೊರಟವರು ಐದು ಜನ: ಬಾಮೈದ, ನಾನು, ಹೆಂಡತಿ, ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿದ್ದ ಮಗಳು, ಮತ್ತೆ ಪಾಳ್ಯದಿಂದ ಮಗನ ದೋಣಿ ನೋಡುವುದಕ್ಕೆ ಬಂದಿದ್ದ ನಮ್ಮ ಅತ್ತೆ. ಅತ್ತೆ ಬರುವುದಿಲ್ಲ ಅಂದರು. ಮಗ ಮಾಡುವ ಕೆಲಸಕ್ಕೆ ತಾಯಿಯೇ ಹೆದರಿದರೆ ಬೇರೆಯವರು ಕೂರುತ್ತಾರಾ ಅಂದಳು ನನ್ನ ಹೆಂಡತಿ. ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು, ತುರುಬಿನ ಮೇಲೆ ಹೆಲ್ಮೆಟ್ಟು ಹಾಕಿಸಿಕೊಂಡು ಅತ್ತೆ ಬಂದು ಕೂತರು. ನಮ್ಮ ಮನೆತನದಲ್ಲಿ ಹೆಲ್ಮೆಟ್ ಹಾಕಿದ ಮೊದಲನೆಯವರು ಅವರೇ. ನಾನು ಮೊಪೆಡ್ಡಿನಲ್ಲಿ ಓಡಾಡುತ್ತಿದ್ದರೂ ಹಾಕುತ್ತಿರಲಿಲ್ಲ.

ನಾನೂ ಜಾಕೆಟ್ಟು ಹಾಕಿಕೊಂಡೆ, ಆದರೆ ವಿಷಲ್ಲನ್ನು ಅದರ ಹೊರಗೆ ಬಿಟ್ಟುಕೊಂಡೆ. ಕೊಡೆಯನ್ನೂ ತಂದಿದ್ದೆ. ಬಾಮೈದ ಎಲ್ಲರಿಗೂ ಒಂದೊಂದು ಹುಟ್ಟು ಕೊಟ್ಟ. ನನ್ನದನ್ನು ನಾನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೆ. ಭಾವ, ನೀವೂ ಹಾಕಬೇಕಾಗುತ್ತೆ ಅಂದ. ನೋಡಿಕೊಳ್ಳುವವನು ಒಬ್ಬ ಬೇಡವೇನಪ್ಪ ಅಂದೆ. ಅತ್ತೆಗೆ ಹುಟ್ಟು ಬೇಡ, ಹಗ್ಗ ಹಿಡಿದುಕೊಂಡರೆ ಸಾಕು ಅಂತಾಯಿತು. ಅಂದಮೇಲೆ ದೋಣಿಯಲ್ಲಿ ನನ್ನ ಸಮಕ್ಕೆ ಕೆಲಸ ಮಾಡುತ್ತಿದ್ದವರು ಅರವತ್ತು ದಾಟಿದ ಅತ್ತೆ ಮಾತ್ರ.

ಪಂಪ್‌ಹೌಸಿನ ಹತ್ತಿರ ನೀರು ನಿಂತ ಹಾಗಿರುತ್ತದೆ. ಅಲ್ಲಿ ಅವನು ಅರ್ಧ ಗಂಟೆ ಪಾಠ ಮಾಡಿದ. ‘ಮುಂದೆ’ ಅಂದರೆ ಮುಂದಕ್ಕೆ ಹಾಕಬೇಕು, ‘ಹಿಂದೆ’ ಅಂದರೆ ಹಿಂದಕ್ಕೆ, ‘ನಿಲ್ಸಿ’ ಅಂದರೆ ನಿಲ್ಲಿಸಬೇಕು. ಬಿದ್ದರೆ ಕಾಲು ಮುಂದೆ ಮಾಡಿ ಅಂಗಾತ ತೇಲಬೇಕು. ಕೊನೆಗೆ ನನ್ನ ಮುಖ ನೋಡಿಯೇ ಒಂದು ಮಾತು ಹೇಳಿದ.

“ದೋಣೀಲಿ ಬಾಯಿ ಒಂದೇ ಇರ್ಬೇಕು ಭಾವ. ಅದು ನಂದು. ಇವತ್ತೊಂದಿನ ಸುಮ್ಕೆ ಇದ್ಬುಡಿ.”

ಮಗಳು ಕಿಸಕ್ಕನೆ ನಕ್ಕಳು. ಹೆಂಡತಿ ತಲೆ ತಗ್ಗಿಸಿದಳು, ಅವಳೂ ನಗುತ್ತಿದ್ದಳು ಅಂತ ಹೆಲ್ಮೆಟ್ಟು ಅಲ್ಲಾಡಿದ್ದರಿಂದ ಗೊತ್ತಾಯಿತು. ನನಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಮುನ್ನೂರು ಆಳನ್ನು ಆಡಿಸುವವನಿಗೆ ಒಂದು ದೋಣಿಯಲ್ಲಿ ಬಾಯಿ ಮುಚ್ಚು ಅನ್ನುವುದೇ. ಮುನ್ನೂರು ಸುಳ್ಳು, ನಮ್ಮಲ್ಲಿದ್ದದ್ದು ಅರವತ್ತು. ಸಿಟ್ಟು ಬಂದಾಗ ಮುನ್ನೂರಾಗುತ್ತಿತ್ತು.

ಮೊದಲ ಮುಕ್ಕಾಲು ಗಂಟೆ ಚೆನ್ನಾಗಿತ್ತು, ಇದನ್ನು ಒಪ್ಪಿಕೊಳ್ಳಬೇಕು. ದಡದ ಹೊಂಗೆ ಮರಗಳು ನೀರಿನ ಮೇಲೆ ಬಾಗಿದ್ದವು. ಬಗ್ಗಿ ಬಗ್ಗಿ ಹೋದೆವು. ಎರಡು ಸಣ್ಣ ಇಳಿಜಾರು ಬಂದವು, ದೋಣಿ ಎದ್ದು ಬಿದ್ದು ಸಾಗಿತು, ಎಲ್ಲರ ಮೈ ಒದ್ದೆಯಾಯಿತು. ಹೆಂಡತಿ ಹುಟ್ಟು ಹಾಕುವುದನ್ನು ನೋಡಿ ನನಗೆ ಆಶ್ಚರ್ಯ. ಹದಿನೆಂಟು ವರ್ಷ ಜೊತೆಗಿದ್ದೆ, ಅವಳ ತೋಳಲ್ಲಿ ಅಷ್ಟು ಬಲವಿದೆ ಅಂತ ಗೊತ್ತಿರಲಿಲ್ಲ. ಜೋರಾಗಿ ನಗುತ್ತಿದ್ದಳು. ಹಾಗೆ ನಗುವುದನ್ನೂ ಕೇಳಿರಲಿಲ್ಲ. ಸಾಹುಕಾರರಿಗೆ ಸರಿ ಅನ್ನಬೇಕು ಅಂತ ನಾನು ಆಗಲೇ ಮನಸ್ಸಿನಲ್ಲಿ ನಿರ್ಧಾರ ಮಾಡಿದ್ದೆ. ದೊಡ್ಡ ಮನಸ್ಸು ನನ್ನದು.

ಆಮೇಲೆ ಮೂರು ಬಂಡೆಯ ಜಾಗ ಬಂತು. ನೀರು ಎರಡು ಬಂಡೆಗಳ ನಡುವೆ ಬಿಳಿ ನೊರೆಯಾಗಿ ನುಗ್ಗಿ, ಮೂರನೆಯದರ ಪಕ್ಕಕ್ಕೆ ತಿರುಗುತ್ತದೆ. ಸದ್ದು ಗಿರಣಿಯ ಹಾಗೆ. ಬಾಮೈದ ಮೊದಲೇ ಹೇಳಿದ್ದ, ಇಲ್ಲಿ ನಿಲ್ಲಿಸಬಾರದು, ಕೈ ಬಿಡದೆ ಮುಂದಕ್ಕೆ ಹಾಕಿದರೆ ದೋಣಿ ತಾನಾಗಿ ತಿರುಗಿಕೊಂಡು ದಾಟುತ್ತದೆ, ಕೈ ಬಿಟ್ಟರೆ ಅಡ್ಡ ಬೀಳುತ್ತದೆ ಅಂತ. “ಮುಂದೆ, ಮುಂದೆ, ಬುಡ್ಬ್ಯಾಡಿ” ಅಂತ ಹಿಂದಿನಿಂದ ಕೂಗುತ್ತಿದ್ದ. ತಾಯಿ ಮಗಳು ಒಂದೇ ಸಮನೆ ಹಾಕುತ್ತಿದ್ದರು. ಅತ್ತೆ ಕಣ್ಣು ಮುಚ್ಚಿ ಮನೆದೇವರನ್ನು ಕರೆಯುತ್ತಿದ್ದರು. ನಾನು ಕಣ್ಣು ಬಿಟ್ಟುಕೊಂಡಿದ್ದೆ, ತಪ್ಪಾದದ್ದು ಅದೇ. ಎದುರಿನ ಬಂಡೆ ನನ್ನ ಕಡೆಗೇ ಬರುತ್ತಿದ್ದ ಹಾಗೆ ಕಂಡಿತು. ಕೈ ಹುಟ್ಟಿಗೆ ಹೋಗಲಿಲ್ಲ, ಇಪ್ಪತ್ತು ವರ್ಷ ಎಲ್ಲಿಗೆ ಹೋಗಿ ರೂಢಿಯೋ ಅಲ್ಲಿಗೇ ಹೋಯಿತು.

ವಿಷಲ್ ಊದಿದೆ. ಉಸಿರು ಪೂರ್ತಿ ಬಿಟ್ಟು ಊದಿದೆ.

ಹೆಂಡತಿ ಮತ್ತು ಮಗಳು, ಇಬ್ಬರೂ ಒಂದೇ ಗಳಿಗೆಗೆ ಹುಟ್ಟನ್ನು ಮೇಲೆತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಯೋಚನೆ ಮಾಡಿ ಇಟ್ಟದ್ದಲ್ಲ, ಕೈಗೆ ಗೊತ್ತಿದ್ದದ್ದೇ ಅಷ್ಟು. ಬಾಮೈದ ಏನೋ ಕೂಗಿದ. ದೋಣಿ ಅಡ್ಡ ತಿರುಗಿ, ಬಂಡೆಗೆ ಒರಗಿ, ಎಮ್ಮೆ ಮಗ್ಗುಲು ಬದಲಾಯಿಸಿದ ಹಾಗೆ ನಿಧಾನವಾಗಿ ಮಗುಚಿತು.

ವಿಷಲ್ಲಿನ ಪ್ರತಾಪ ಅಷ್ಟಕ್ಕೇ ಮುಗಿಯಲಿಲ್ಲ. ಹೊಳೆ ಸುತ್ತಿಕೊಂಡು ಅಲ್ಲಿ ಮತ್ತೆ ನಮ್ಮ ಎಸ್ಟೇಟಿನ ಅಂಚಿಗೇ ಬರುತ್ತದೆ. ದಡದ ಮೇಲಿನ ತುಂಡಿನಲ್ಲಿ ಕಳೆ ತೆಗೆಯುತ್ತಿದ್ದ ಆಳುಗಳಿಗೂ ಅದು ಕೇಳಿಸಿ, ರೈಟರು ಇವತ್ತು ಬೇಗ ಬಿಟ್ಟರು ಅಂತ ಕತ್ತಿ ಕೆಳಗಿಟ್ಟು ಮನೆಗೆ ಹೊರಟರು. ಆಗ ಮಧ್ಯಾಹ್ನ ಮೂರು ಗಂಟೆ.

ನೀರು ನಮ್ಮನ್ನೆಲ್ಲ ಬಂಡೆಗಳಾಚೆಯ ಅಗಲ ಜಾಗಕ್ಕೆ ತಂದು ಹಾಕಿತು. ನಾನು ಮುಳುಗುತ್ತಿದ್ದೆ. ಕೈ ಬಡಿದೆ, ನೀರು ಕುಡಿದೆ, ಮನೆಯವರ ಹೆಸರೆಲ್ಲ ಕೂಗಿದೆ. ಅತ್ತ ಬಾಮೈದ ತನ್ನ ತಾಯಿಯನ್ನು ಒಂದು ಕೈಯಲ್ಲಿ, ನನ್ನ ಮಗಳನ್ನು ಇನ್ನೊಂದರಲ್ಲಿ ಹಿಡಿದು ದಡಕ್ಕೆ ಎಳೆಯುತ್ತಿದ್ದ. ಹೆಂಡತಿ ತಾನೇ ಎದ್ದು, ಸೀರೆ ಎತ್ತಿ ಕಟ್ಟಿ, ನನ್ನ ಹತ್ತಿರ ನಡೆದುಕೊಂಡು ಬಂದಳು. ನಡೆದುಕೊಂಡು ಅನ್ನುವುದನ್ನು ಗಮನಿಸಿ.

“ಎದ್ ನಿಂತ್ಕಳಿ,” ಅಂದಳು. “ಮಂಡಿ ತಂಕ ಐತೆ ನೀರು.”

ಎದ್ದು ನಿಂತೆ. ಮಂಡಿಯವರೆಗೂ ಇರಲಿಲ್ಲ.

ಅತ್ತೆಯ ಬಲಗೈ ಮಣಿಕಟ್ಟು ಬಂಡೆಗೆ ಬಡಿದು ಮುರಿದಿತ್ತು. ಸಕಲೇಶಪುರಕ್ಕೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿ ಬರುವ ಹೊತ್ತಿಗೆ ಸಂಜೆ ಆಗಿತ್ತು. ಎಸ್ಟೇಟಿನ ಗೇಟಿನಲ್ಲೇ ಸಾಹುಕಾರರು ನಿಂತಿದ್ದರು. ಕೈ ಮುರಿದದ್ದಕ್ಕಿಂತ ಮೊದಲು ಅವರು ಕೇಳಿದ್ದು, ಮೂರು ಗಂಟೆಗೆ ಕೆಲಸ ಬಿಡಿಸಿದ್ದು ಯಾರು ಅಂತ. ಆಗ ನನ್ನ ಬಾಯಿಗೆ ಸುಳ್ಳು ಎಷ್ಟು ಸಲೀಸಾಗಿ ಬಂತು ಅಂದರೆ, ಎಷ್ಟೋ ದಿನದಿಂದ ಬಾಯಿಪಾಠ ಮಾಡಿಟ್ಟಿದ್ದೆನೇನೋ ಅನ್ನಬೇಕು. ದೋಣಿ ಮಗುಚಿತು, ಹೆಂಗಸರು ನೀರಿನಲ್ಲಿದ್ದರು, ಸಹಾಯಕ್ಕೆ ಜನ ಬರಲಿ ಅಂತ ವಿಷಲ್ ಊದಿದೆ ಅಂದೆ. ಹುಡುಗನಿಗೆ ಇನ್ನೂ ಕೆಲಸ ಪಳಗಿಲ್ಲ ಅಂತಲೂ ಸೇರಿಸಿದೆ. ಸೇರಿಸಲೇಬೇಕು ಅಂತ ಯಾರೂ ಕೇಳಿರಲಿಲ್ಲ.

ಬಾಮೈದ ಪಕ್ಕದಲ್ಲೇ ಇದ್ದ. ಇಲ್ಲ ಧಣಿ, ವಿಷಲ್ ಊದಿದ್ದಕ್ಕೇ ಇವರು ಕೈ ಬಿಟ್ಟರು, ಕೈ ಬಿಟ್ಟಿದ್ದಕ್ಕೇ ಮಗುಚಿತು ಅಂದ. ಅವನ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. ಸಾಹುಕಾರರು ಇಬ್ಬರ ಮುಖವನ್ನೂ ನೋಡಿ, ಬೆಳಿಗ್ಗೆ ನಿಮ್ಮ ಅತ್ತೆಯನ್ನು ಮಾತಾಡಿಸುವುದಕ್ಕೆ ಬರುತ್ತೇನೆ ಅಂದು ಒಳಗೆ ಹೋದರು. ಏಕೆ ಬರುತ್ತಾರೆ ಅನ್ನುವುದು ನನಗೆ ಗೊತ್ತಾಯಿತು.

ಹೆಂಡತಿ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಹೇಳಿದೆ.

“ಸಾಹುಕಾರ್ರು ಕೇಳಿದ್ರೆ, ಮಗುಚಿದ್ಮೇಲೆ ಊದಿದ್ದು ಅನ್ನು.”

ತುರಿಮಣೆಯ ಸದ್ದು ನಿಂತಿತು. ನನ್ನ ಕೆಲಸ ಹೋದರೆ ಈ ಮನೆಯೂ ಹೋಗುತ್ತದೆ, ಮಗಳ ಕಾಲೇಜೂ ಹೋಗುತ್ತದೆ ಅಂತ ಇನ್ನೂ ನಾಲ್ಕು ಮಾತು ಹೇಳಿದೆ. ನಿಜ ಹೇಳಬೇಕೆಂದರೆ ಕೆಲಸ ಹೋಗುತ್ತಿರಲಿಲ್ಲ. ಒಂದು ಸಲ ಬೈದು ಬಿಡುತ್ತಿದ್ದರು, ಆಳುಗಳು ಒಂದು ವಾರ ನನ್ನ ಬೆನ್ನ ಹಿಂದೆ ವಿಷಲ್ ಹೊಡೆದು ನಗುತ್ತಿದ್ದರು. ಅಷ್ಟೇ. ಆ ನಗುವಿಗೆ ನಾನು ಹೊಳೆಗಿಂತ ಹೆಚ್ಚು ಹೆದರಿದ್ದೆ. ತುರಿಮಣೆಯ ಸದ್ದು ಮತ್ತೆ ಶುರುವಾಯಿತು. ಒಪ್ಪಿದಳು ಅಂತ ತಿಳಿದು ಬಂದು ಊಟಕ್ಕೆ ಕಾದು ಕೂತೆ.

ಬೆಳಿಗ್ಗೆ ಎದ್ದವನೇ ಮಗಳನ್ನು ಬೆಳಗೋಡಿನ ನೆಂಟರ ಮನೆಗೆ ಹಲಸಿನ ಹಣ್ಣು ಕೊಟ್ಟು ಬಾ ಅಂತ ಮೊದಲ ಬಸ್ಸಿಗೆ ಹತ್ತಿಸಿದೆ. ಅವರ ಮನೆಯ ಹಿತ್ತಿಲಲ್ಲೇ ಮೂರು ಹಲಸಿನ ಮರ ಇದ್ದವು. ಅತ್ತೆಯ ಚಿಂತೆ ಇರಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದವರು ಸಾಕ್ಷಿಗೆ ಬರುವುದಿಲ್ಲ. ಉಳಿದವಳು ಒಬ್ಬಳೇ.

ಸಾಹುಕಾರರು ಬಂದರು, ಅತ್ತೆಯ ಕೈ ನೋಡಿದರು, ಕಾಫಿ ಕುಡಿದರು. ಬಾಮೈದ ಹೊಸಿಲಿನ ಹತ್ತಿರ ಕಂಬಕ್ಕೆ ಒರಗಿ ನಿಂತಿದ್ದ. ಲೋಟ ಕೆಳಗಿಟ್ಟು ಸಾಹುಕಾರರು ನನ್ನ ಹೆಂಡತಿಯನ್ನು ಕರೆದರು.

“ನೋಡಮ್ಮ, ಇಬ್ರೂ ನಿನಗೆ ಬೇಕಾದವರೇ. ನೀನು ಹೇಳಿದ್ದು ನಾನು ನಂಬ್ತೀನಿ. ವಿಷಲ್ ಮೊದಲೋ, ಮಗುಚಿದ್ದು ಮೊದಲೋ?”

ಅವಳು ನನ್ನನ್ನು ನೋಡಲಿಲ್ಲ, ಸಾಹುಕಾರರನ್ನೂ ನೋಡಲಿಲ್ಲ. ತಮ್ಮನನ್ನು ನೋಡಿದಳು. ಅವನು ನಗುಮುಖದಲ್ಲೇ ಇದ್ದ. ಅಕ್ಕ ಏನು ಹೇಳುತ್ತಾಳೆ ಅನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

“ಮಗುಚಿದ್ದು ಮೊದ್ಲು,” ಅಂದಳು.

ಸಾಹುಕಾರರು ಹೂಂ ಅಂದು ಎದ್ದರು. ಶೆಡ್ಡಿನ ಮಾತು ಅಲ್ಲಿಗೇ ಮುಗಿಯಿತು. ಬಾಮೈದನ ನಗು ಒಂದು ಗಳಿಗೆ ಹಾಗೇ ಮುಖದ ಮೇಲೆ ನಿಂತಿತ್ತು, ತೆಗೆಯುವುದು ಮರೆತವನ ಹಾಗೆ. ಆಮೇಲೆ ಅಂಗಳಕ್ಕೆ ಇಳಿದು ದೋಣಿಯ ಗಾಳಿ ಬಿಡತೊಡಗಿದ. ಪೂರ್ತಿ ಗಾಳಿ ಹೋಗುವುದಕ್ಕೆ ಬಹಳ ಹೊತ್ತು ಬೇಕು. ಮಡಿಸುವಾಗ ಇನ್ನೊಬ್ಬರು ತುದಿ ಹಿಡಿಯಬೇಕು. ನನ್ನ ಹೆಂಡತಿ ಹೋಗಿ ಹಿಡಿದಳು. ಅವನು ಬೇಡ ಅನ್ನಲಿಲ್ಲ. ಊಟಕ್ಕೆ ನಿಲ್ಲದೆ ಹೋಗಿಬಿಟ್ಟ. ನಾನು ಒಂದರ ವಿಷಲ್ ಊದಿ ಬಂದು ಕೂತೆ. ತಟ್ಟೆ ಹಾಕಿರಲಿಲ್ಲ.

ಅವತ್ತಿನಿಂದ ಒಂದರ ವಿಷಲ್ಲಿಗೆ ನನ್ನ ಮನೆಯಲ್ಲಿ ತಟ್ಟೆ ಬೀಳಲಿಲ್ಲ. ಒಗೆಯುತ್ತಿದ್ದ ಬಟ್ಟೆಯನ್ನು ಪೂರ್ತಿ ಒಗೆದು, ಹಿಂಡಿ, ಹರವಿ, ಆಮೇಲೆ ಬಂದು ಬಡಿಸುತ್ತಿದ್ದಳು. ಒಂದು ಇಪ್ಪತ್ತೋ, ಒಂದೂವರೆಯೋ. ಏಕೆ ತಡ ಅಂತ ನಾನು ಕೇಳಲಿಲ್ಲ. ಆ ವಿಷಯದಲ್ಲಿ ನಾನು ಜಾಣ.

ಬಾಮೈದ ಘಾಟಿ ಇಳಿದು ಎಲ್ಲೋ ಬೇರೆ ಹೊಳೆಯಲ್ಲಿ ಎರಡು ಮೂರು ವರ್ಷ ದೋಣಿ ಬಿಟ್ಟ. ಅದು ಹಳೆಯದಾಗಿ ಹರಿದ ಮೇಲೆ ತನ್ನೂರು ಪಾಳ್ಯಕ್ಕೆ ವಾಪಸ್ಸು ಬಂದು ಮೆಣಸಿನ ಬಳ್ಳಿಯ ಸಸಿಮಡಿ ಮಾಡಿಕೊಂಡ. ಮೊದಲೆಲ್ಲ ಗೌರಿ ಹಬ್ಬಕ್ಕೆ ತಾನೇ ಬಂದು ಅಕ್ಕನಿಗೆ ತವರಿನ ಅರಿಶಿನ ಕುಂಕುಮ, ಬಳೆ, ರವಿಕೆ ಕಣ ಕೊಟ್ಟು, ಕಡುಬು ತಿಂದು, ನನ್ನನ್ನು ನಾಲ್ಕು ಮಾತು ರೇಗಿಸಿ ಹೋಗುತ್ತಿದ್ದ. ಆಮೇಲೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸತೊಡಗಿದ. ಒಂದು ವರ್ಷವೂ ತಪ್ಪಿಸಲಿಲ್ಲ. ಅವಳು ಮಳೆಯಲ್ಲಿ ಗೇಟಿನವರೆಗೆ ನಡೆದು ಹೋಗಿ, ಬಸ್ಸಿಗೆ ಕಾದು, ಇಸಿದುಕೊಂಡು ಬರುತ್ತಿದ್ದಳು. ನಾನು ಹೋಗಿ ತರುತ್ತೇನೆ ಅಂದರೆ, ನಿಮಗ್ಯಾಕೆ ತೊಂದರೆ ಅನ್ನುತ್ತಿದ್ದಳು. ಬಹಳ ಮರ್ಯಾದೆಯಿಂದ.

ಅತ್ತೆ ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ಅವರ ಕೈ ಹಿಡಿದು ತಪ್ಪಾಯಿತು ಅಂದೆ. ವಕ್ರವಾಗಿ ಕೂಡಿಕೊಂಡಿದ್ದ ಅದೇ ಮಣಿಕಟ್ಟು. ವಿಷಲ್ ಸದ್ದು ನನಗೂ ಕೇಳಿಸಿತ್ತು ಅಳಿಯಂದ್ರೇ, ಕಣ್ಣು ಮುಚ್ಚಿದ್ದೆ, ಕಿವಿ ಮುಚ್ಚಿರಲಿಲ್ಲ ಅಂದರು. ಮಗಳಿಗೆ, ಅವಳ ಮದುವೆಯಾದ ಮೇಲೆ ಒಂದು ದಿನ, ಆ ಹಲಸಿನ ಹಣ್ಣಿನ ವಿಷಯ ಹೇಳಿ ಕ್ಷಮಿಸು ಅಂದೆ. ಬಸ್ಸು ಹತ್ತಿದಾಗಲೇ ಗೊತ್ತಾಗಿತ್ತಪ್ಪ ಅಂದಳು. ನಮ್ಮ ಮನೆಯಲ್ಲಿ ನನ್ನ ಗುಟ್ಟು ಗೊತ್ತಿಲ್ಲದಿದ್ದವನು ನಾನೊಬ್ಬನೇ ಅಂತ ಕಾಣುತ್ತದೆ.

ಬಾಮೈದನನ್ನು ಕೇಳಿದ್ದು ಒಂದು ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ ಪಕ್ಕ ಪಕ್ಕ ಕೂತಾಗ. ಅಂಥ ಜಾಗವನ್ನೇ ಆರಿಸಿಕೊಂಡಿದ್ದೆ, ಯಾರೂ ಜಾಸ್ತಿ ಹೊತ್ತು ಮಾತಾಡುವಂತಿಲ್ಲ. ವಿಷಲ್ ಊದಿದ್ದು ನನ್ನ ತಪ್ಪು, ಸಾಹುಕಾರರಿಗೆ ಸುಳ್ಳು ಹೇಳಿದ್ದೂ ತಪ್ಪು ಅಂದೆ. ಅವನು ಅನ್ನ ಕಲೆಸುತ್ತಲೇ ನಕ್ಕ.

“ಅದ್ನ ಯಾವಾಗ್ಲೋ ಮರ್ತೆ ಬುಡಿ ಭಾವ. ನೀವು ಹಂಗೆ ಹೇಳ್ತೀರ ಅಂತ ನಂಗೊತ್ತಿತ್ತು. ಅಕ್ಕ ಹೇಳಿದ್ದೇ...” ಅಂದು ನಿಲ್ಲಿಸಿದ. “ಬುಡಿ, ಪಾಯ್ಸ ಬಂತು.”

ಆಗಲೇ ಹೇಳಬೇಕಿತ್ತು. ಅದು ನಿನ್ನಕ್ಕನ ಮಾತಲ್ಲ, ನಾನು ಹಿಂದಿನ ಸಂಜೆ ಬಾಗಿಲಲ್ಲಿ ನಿಂತು ಹೇಳಿಕೊಟ್ಟದ್ದು ಅಂತ. ಅವಳು ಇಷ್ಟು ವರ್ಷದಲ್ಲಿ ಅವನಿಗೆ ಹೇಳಿಲ್ಲ, ಗಂಡನ ಮರ್ಯಾದೆ ತೆಗೆಯುವವಳಲ್ಲ. ಹೇಳಬೇಕಾದವನು ನಾನು. ಪಾಯಸ ಬಂದಿತ್ತು. ಎರಡು ಸಲ ಹಾಕಿಸಿಕೊಂಡೆ. ಚೆನ್ನಾಗಿತ್ತು.

ಈಗ ನಾವಿಬ್ಬರೂ ಮಗಳ ಮನೆಯಲ್ಲಿದ್ದೇವೆ. ವಿಷಲ್ಲನ್ನು ಮೊಮ್ಮಗ ಎಲ್ಲೋ ಕಳೆದುಹಾಕಿದ್ದಾನೆ, ಒಳ್ಳೆಯದಾಯಿತು. ಈ ಹಾಳೆಯನ್ನು ಮೊದಲು ಪಾಳ್ಯಕ್ಕೆ, ಬಾಮೈದನಿಗೆ ಕಳಿಸುತ್ತೇನೆ. ಅಷ್ಟು ಮಾಡುವುದು ನನಗೆ ಸುಲಭ, ಅಂಚೆಯವನು ಕೊಟ್ಟು ಬರುತ್ತಾನೆ. ಸುಲಭವಲ್ಲದ್ದು ಇನ್ನೊಂದಿದೆ. ನಾನು ಕೂತ ಜಾಗದಿಂದ ಅಡುಗೆಮನೆಗೆ ಹೆಚ್ಚೆಂದರೆ ಹತ್ತು ಹೆಜ್ಜೆ. ಒಳಗೆ ಕಾಯಿ ತುರಿಯುವ ಸದ್ದು ಕೇಳಿಸುತ್ತಿದೆ. ಆವತ್ತು ದೋಣಿಯಲ್ಲಿದ್ದ ಮೂವರ ಹತ್ತಿರ ಹೇಗೋ ತಪ್ಪಾಯಿತು ಅಂದೆ. ಇಲ್ಲಿಯವರೆಗೆ ಆ ಮಾತು ಅನ್ನದೆ ಉಳಿಸಿಕೊಂಡಿರುವುದು ಒಬ್ಬಳ ಹತ್ತಿರ, ನನ್ನ ಹೆಂಡತಿಯ ಹತ್ತಿರ.